ಉತ್ತರ ಕಳಿಸದ ಐದು ಮನೆ

ಕಳೆದ ತಿಂಗಳು ಲೈಡನ್ ಸ್ಟೇಷನ್ನಿನಿಂದ ಈಗಿನ ಆಫೀಸಿಗೆ ನಡೆದು ಹೋಗುತ್ತಿದ್ದೆ. ದಾರಿಯಲ್ಲಿ ಒಂದು ಕಟ್ಟಡದ ತಾರಸಿಗೆ ಡಾಂಬರಿನ ಹಾಳೆ ಹೊದಿಸುತ್ತಿದ್ದರು. ಈ ದೇಶದಲ್ಲಿ ಸೋರುವ ತಾರಸಿಗಳಿಗೆಲ್ಲ ಅದೇ ಮದ್ದು. ಗ್ಯಾಸಿನ ಬೆಂಕಿ ಹಿಡಿದು ಹಾಳೆಯನ್ನು ಕರಗಿಸಿ ಅಂಟಿಸುತ್ತಾರೆ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಕಾಲು ತಾನಾಗಿ ರಸ್ತೆಯ ಆಚೆ ಬದಿಗೆ ಸರಿಯಿತು. ಜೊತೆಗಿದ್ದ ಸಹೋದ್ಯೋಗಿ ಅಲರ್ಜಿಯೇ ಎಂದು ಕೇಳಿದ. ಹೌದೆಂದೆ. ಸಣ್ಣ ಸುಳ್ಳು ಹೇಳುವುದು ನನಗೆ ಹೊಸದೇನಲ್ಲ. ದೊಡ್ಡದೊಂದನ್ನೂ ಹೇಳಿದ್ದೇನೆ, ಆ ವಾಸನೆಯ ದಿನಗಳಲ್ಲೇ.

ಅದು ಕೊರೊನಾದ ಮೊದಲ ವಸಂತ. ಅಂಥ ಬಿಸಿಲನ್ನು ಈ ದೇಶದಲ್ಲಿ ನಾನು ಕಂಡೇ ಇರಲಿಲ್ಲ. ಆದಷ್ಟು ಮನೆಯಲ್ಲೇ ಇರಿ ಎಂದು ಪ್ರಧಾನಿ ಟಿವಿಯಲ್ಲಿ ಹೇಳಿದ ಮೇಲೆಯೇ, ವರ್ಷವಿಡೀ ಮೋಡ ಹೊದ್ದು ಮಲಗುವ ಆಕಾಶ ಎದ್ದು ಕೂತಿತು. ಹೊಟ್ಟೆ ಉರಿಸುವುದಕ್ಕೆಂದೇ ಬಂದ ಬಿಸಿಲು. ಸ್ಕಿಪೋಲ್‌ಗೆ ಇಳಿಯುವ ವಿಮಾನಗಳು ಹೆಚ್ಚುಕಡಿಮೆ ನಿಂತೇಹೋಗಿ, ನಮ್ಮ ಕಟ್ಟಡದ ಕಿಟಕಿಗಳು ಅದುರುವುದನ್ನು ಮರೆತಿದ್ದವು. ಊರಿನ ಹೆಸರು ಬರೆಯುವುದಿಲ್ಲ. ರಾಜಧಾನಿಯ ಅಂಚಿನ ಬಡಾವಣೆ ಬೈಟನ್‌ವೆಲ್ಡರ್ಟ್‌ನ ಬಾಡಿಗೆ ಕೇಳಿ ಬೆಚ್ಚಿಬಿದ್ದವರು ಅದೇ ಬಸ್ಸಿನಲ್ಲಿ ಇನ್ನಷ್ಟು ದೂರ ಹೋಗಿ ಮನೆ ಹಿಡಿಯುವ ಊರುಗಳಲ್ಲಿ ಅದೊಂದು. ನಮ್ಮ ಕಟ್ಟಡಕ್ಕೆ ಏಳು ಮಹಡಿ, ಒಟ್ಟು ನಲವತ್ತು ಮನೆ, ಅದರಲ್ಲಿ ಐದು ಕನ್ನಡದವರವು. ಎರಡನೇ ಮಹಡಿಯಲ್ಲಿ ನಾನೊಬ್ಬಳೇ ಇದ್ದೆ. ಏಳನೆಯದರಲ್ಲಿ, ತಾರಸಿಯ ಕೆಳಗೇ, ಗಿರಿಜಕ್ಕ ಮತ್ತು ಅವರ ಗಂಡ ಮಲ್ಲಿಕಾರ್ಜುನ.

ಗಿರಿಜಕ್ಕ ಧಾರವಾಡದ ಹೈಸ್ಕೂಲಿನಲ್ಲಿ ಸಂಸ್ಕೃತ ಕಲಿಸಿದವರು. ಇಲ್ಲಿಗೆ ಬಂದ ಮೇಲೆ ಕೆಲಸವಿಲ್ಲ. ಆದರೆ ಕಲಿಸುವ ಚಟ ಬಿಟ್ಟಿರಲಿಲ್ಲ. ನಾವಿಬ್ಬರೂ ಶನಿವಾರ ಲೈಬ್ರರಿಯ ಡಚ್ ತರಗತಿಗೆ ಹೋಗುತ್ತಿದ್ದೆವು. ಡಚ್ ಭಾಷೆಯಲ್ಲಿ ಪ್ರತಿಯೊಂದು ನಾಮಪದಕ್ಕೂ ಮೊದಲು 'ದ' ಅಥವಾ 'ಹೆತ್' ಎಂಬ ಪುಟ್ಟ ಪದವೊಂದು ಬರುತ್ತದೆ, 'ಹೆತ್' ನಪುಂಸಕ ಲಿಂಗಕ್ಕೆ. ಯಾವುದಕ್ಕೆ ಯಾವುದು ಎಂಬುದಕ್ಕೆ ತಲೆಬುಡವಿಲ್ಲ, ಬಾಯಿಪಾಠ ಮಾಡಬೇಕು. ನಾನು ಎಲ್ಲದಕ್ಕೂ 'ದ' ಹಾಕಿ ಮುಗಿಸುತ್ತಿದ್ದೆ. ಗಿರಿಜಕ್ಕನಿಗೆ ಅದು ತಡೆಯಲಾಗದ ಅಪರಾಧ. ಒಮ್ಮೆ 'ಖೆಜಾಖ್' ಎಂಬ ಪದ ಬಂತು. ಅಧಿಕಾರ ಎಂದರ್ಥ. ನಾನು ಎಂದಿನಂತೆ 'ದ ಖೆಜಾಖ್' ಎಂದೆ.

"ಹೆತ್ ಖೆಜಾಖ್!" ಎಂದು ಪೆನ್ನಿನಿಂದ ಮೇಜು ಕುಟ್ಟಿದರು ಗಿರಿಜಕ್ಕ. "ಈ ದೇಶದಾಗ ಅಧಿಕಾರ ಅನ್ನೋದು ನಪುಂಸಕ ಲಿಂಗ ಅದ, ವೀಣಾ. ನೆನಪಿಟ್ಕೋ."

ಇಬ್ಬರೂ ನಕ್ಕ ನಗುವಿಗೆ ಲೈಬ್ರರಿಯವರು ತಿರುಗಿ ನೋಡಿದರು. ನೆನಪಿಟ್ಟುಕೊಂಡಿದ್ದರೆ ಚೆನ್ನಾಗಿತ್ತು.

ಆಗ ನನ್ನ ಕೆಲಸ ಹೂಫ್‌ಡಾರ್ಪ್‌ನಲ್ಲಿ, ಮೊಬೈಲ್ ಆಂಟೆನಾಗಳಿಗೆ ಜಾಗ ಹುಡುಕಿ ಕಾಗದಪತ್ರ ಮುಗಿಸಿಕೊಡುವ ಒಂದು ಕಂಪನಿಯಲ್ಲಿ. ಎಲ್ಲಿ ಸಿಗ್ನಲ್ ಬಡವಾಗಿದೆ ಎಂದು ನಕ್ಷೆಯಲ್ಲಿ ಬಣ್ಣ ಹಚ್ಚುವವಳು ನಾನು. ಲಾಕ್‌ಡೌನ್ ಬಂದದ್ದೇ ಕಾಗದಪತ್ರದ ವಿಭಾಗದ ಇಬ್ಬರು ಕೆಲಸ ಕಳೆದುಕೊಂಡರು. ಅವರ ಜಾಗಕ್ಕೆ ನನ್ನನ್ನು ತಳ್ಳಿದರು. ಡಚ್ ಬರುತ್ತದಲ್ಲ ಎಂದರು. ಬರುತ್ತದೆ ಎಂದೆ.

ಆ ವಿಭಾಗಕ್ಕೆ ಹೋದ ಮೇಲೆಯೇ ಈ ದೇಶದ ಅಧಿಕಾರದ ಅಂಗರಚನೆ ನನಗೆ ತಿಳಿದದ್ದು. ತರಂಗಗಳು ಹೇಗ್‌ನಲ್ಲಿ ಕೂತಿರುವ ದೇಶದ ಸರ್ಕಾರದವು. ಅವು ಮನುಷ್ಯನಿಗೆ ಎಷ್ಟು ತಾಗಬಹುದು ಎಂಬ ಮಿತಿಯೂ ಅದರದೇ. ರಸ್ತೆ, ಮನೆ, ಮರ ಎಲ್ಲ ಪುರಸಭೆಯವು. ಆದರೆ ಐದು ಮೀಟರಿಗಿಂತ ಗಿಡ್ಡ ಆಂಟೆನಾಕ್ಕೆ ಪುರಸಭೆಯ ಪರವಾನಗಿಯೇ ಬೇಕಿಲ್ಲ. ನಮ್ಮ ಆಂಟೆನಾಗಳೆಲ್ಲ ಐದು ಮೀಟರಿಗೆ ಒಂದು ಗೇಣು ಕಡಿಮೆಯೇ ಬೆಳೆಯುತ್ತಿದ್ದವು. ನಮ್ಮ ಕಡೆ ಮೊಬೈಲ್ ಟವರಿನ ವಿಷಯ ಬಂದರೆ ಕೇಂದ್ರ, ರಾಜ್ಯ, ಪಾಲಿಕೆ ಮೂವರೂ ಅಧಿಕಾರ ತಮ್ಮದು ಎಂದು ಕಿತ್ತಾಡುತ್ತಾರೆ. ಇಲ್ಲಿ ಎಲ್ಲರೂ ತಮ್ಮದಲ್ಲ ಎಂದು ನಯವಾಗಿ ಕೈಮುಗಿಯುತ್ತಾರೆ. ಕಿತ್ತಾಡುವವರ ನಡುವೆ ಸಿಕ್ಕವನಿಗೆ ಒಬ್ಬರಲ್ಲ ಒಬ್ಬರ ಕಾಲು ಹಿಡಿಯುವ ದಾರಿಯಾದರೂ ಇರುತ್ತದೆ. ನಯದವರ ಕಾಲು ಕೈಗೆ ಸಿಗುವುದೇ ಇಲ್ಲ.

ಆ ದಿನಗಳಲ್ಲಿ ಜನ ಹೆದರಿ ಪುರಸಭೆಗಳಿಗೆ ಪ್ರಶ್ನೆ ಕೇಳುತ್ತಿದ್ದರು. ಹೊಸ ಆಂಟೆನಾದಿಂದಲೇ ಕೊರೊನಾ ಹರಡುತ್ತದೆ ಎಂಬ ಹುಚ್ಚು ಸುದ್ದಿ ಫೋನಿನಿಂದ ಫೋನಿಗೆ ಹಾರುತ್ತಿತ್ತು. ಅಲ್ಲೊಂದು ಇಲ್ಲೊಂದು ಕಡೆ ಆಂಟೆನಾಗಳಿಗೆ ಬೆಂಕಿಯನ್ನೂ ಇಟ್ಟರು. ಪುರಸಭೆಗಳು ನಮ್ಮನ್ನು ಕೇಳುತ್ತಿದ್ದವು, ಏನು ಉತ್ತರ ಕೊಡೋಣ ಎಂದು. ಅದಕ್ಕೊಂದು ಮಾದರಿ ಪತ್ರ ಬರೆಯಲು ನನ್ನ ಮ್ಯಾನೇಜರ್ ಮರೈಕೆ ಹೇಳಿದಳು. ಬರೆದೆ. ಡಚ್ಚಿನಲ್ಲಿದ್ದ ಅದರ ಮುಖ್ಯ ವಾಕ್ಯ ಹೀಗಿತ್ತು: ಆರೋಗ್ಯದ ವಿಷಯದಲ್ಲಿ ತೀರ್ಮಾನಿಸುವ ಅಧಿಕಾರ ಪುರಸಭೆಯದಲ್ಲ, ದೇಶದ ಸರ್ಕಾರದ್ದು. ಮರೈಕೆ ಮೆಚ್ಚಿ, ಅವಸರದಲ್ಲಿ ಒಂದಕ್ಷರವನ್ನೂ ತಿದ್ದದೆ, ಹತ್ತಾರು ಊರುಗಳಿಗೆ ಕಳಿಸಿದಳು. ನನ್ನ ಕೆಲಸದ ಒಪ್ಪಂದ ಮುಂದುವರಿಯಬೇಕೋ ಬೇಡವೋ ಎಂಬ ಕಡತವೂ ಆಗ ಅವಳ ಮುಂದೆಯೇ ಇತ್ತು. ಒಪ್ಪಂದ ಹೋದರೆ ಈ ದೇಶದಲ್ಲಿರುವ ಅನುಮತಿಯೂ ಅದರ ಹಿಂದೆಯೇ ಹೋಗುತ್ತದೆ. ವಿಮಾನಗಳಿಲ್ಲದ ಆ ದಿನಗಳಲ್ಲಿ ವಾಪಸು ಹೋಗುವುದಾದರೂ ಹೇಗೆ?

ಏಪ್ರಿಲ್‌ನಲ್ಲಿ ನಮ್ಮ ಕಟ್ಟಡದ ನಲವತ್ತು ಟಪಾಲು ಡಬ್ಬಿಗಳಿಗೂ ಒಂದು ದಪ್ಪ ಲಕೋಟೆ ಬಂತು. ತಾರಸಿಯ ಮೇಲೆ ಆಂಟೆನಾ ನಿಲ್ಲಿಸುತ್ತೇವೆ, ಬಾಡಿಗೆದಾರರ ಅಭಿಪ್ರಾಯ ತಿಳಿಸಿ ಎಂದು. ಕಳಿಸಿದ್ದು ನಮ್ಮ ಕಂಪನಿಯೇ. ನನ್ನ ಕೈಯಿಂದ ಹೋದ ಕಡತವಲ್ಲ, ಬೇರೆಯವನದು. ಗಿರಿಜಕ್ಕ ಲಕೋಟೆ ಹಿಡಿದು ಕೆಳಗಿಳಿದು ಬಂದರು. ಬಾಗಿಲ ಹೊರಗೆ, ಆಗಿನ ನಿಯಮದಂತೆ ಒಂದೂವರೆ ಮೀಟರ್ ದೂರದಲ್ಲಿ, ಮೆಟ್ಟಿಲ ಮೇಲೆ ಕೂತರು. ಆಗ ಅವರಿಗೆ ನಾಲ್ಕು ತಿಂಗಳು. ಅದಕ್ಕೆ ಮೊದಲು ಎರಡು ಸಲ ಗರ್ಭ ನಿಂತು, ಎರಡು ಸಲವೂ ಐದನೇ ತಿಂಗಳು ದಾಟಿರಲಿಲ್ಲ.

"ನಾ ಓದಿದ್ರ ವ್ಯಾಕರಣ ತಿಳೀತದ, ವಿಷಯ ತಿಳ್ಯೂದಿಲ್ಲ. ನೀ ನೋಡಿ ಹೇಳು," ಎಂದರು.

ನಾನು ಮೊದಲ ಪುಟದ ಮೇಲೆ ಕಣ್ಣಾಡಿಸಿದೆ. "ಏನೂ ಆಗಲ್ಲ ಅಕ್ಕ. ಇದರ ಲೆಕ್ಕಾಚಾರ ನಾನೇ ಮಾಡೋಳು. ವಾಟ್ಸಾಪ್‌ನಲ್ಲಿ ಬರೋದೆಲ್ಲ ಬರೀ ಬುರುಡೆ."

"ಅವು ಬುರುಡಿ ಅಂತ ನನಗೂ ಗೊತ್ತದ. ನಾ ಏನ್ ಅದನ್ನ ನಂಬ್ತೀನೇನು? ಆದ್ರ ಈ ಸಲ ನನ್ನ ತಲಿ ಮ್ಯಾಲೆ ಹೊಸಾದು ಏನೂ ಬ್ಯಾಡ. ಹೆರಿಗಿ ಆಗೂತನ ಬ್ಯಾಡ. ಕೇಳ್ಯಾರಲ್ಲ, ಅದಕ್ಕ ಬ್ಯಾಡ ಅಂತೀನಿ. ಅಷ್ಟ."

"ಬೇಡ ಅಂದ್ರೆ ಸಹಿ ಹಾಕ್ಬೇಡಿ. ಮುಗೀತು."

ಇಷ್ಟು ಸಲೀಸಾಗಿ ಹೇಳಿದೆ. ಸಹಿ ಹಾಕದಿದ್ದರೆ ನಾವು ಅದಕ್ಕೆ ಸಿಕ್ಕಿಕೊಳ್ಳುವುದಿಲ್ಲ ಎಂಬುದು ನಮ್ಮ ಮನೆಗಳಲ್ಲಿ ಬುದ್ಧಿ ಬಂದಾಗಿನಿಂದ ಕೇಳಿದ ಪಾಠ. ನಮ್ಮಪ್ಪ ಬ್ಯಾಂಕಿಗೆ ಹೋದರೂ ಅಷ್ಟೇ, ಸೊಸೈಟಿ ಮೀಟಿಂಗಿಗೆ ಹೋದರೂ ಅಷ್ಟೇ, ಬೇಡವಾದ ಕಾಗದವನ್ನು ಮಡಚಿ ಜೇಬಿಗಿಟ್ಟು ಬರುತ್ತಿದ್ದರು. ಬೇಡ ಎನ್ನುವುದಕ್ಕೂ ಸಹಿ ಹಾಕಿ ಕಳಿಸಬೇಕಾದ ಊರುಗಳಿವೆ ಎಂಬುದು ನನಗೆ ಹೊಳೆಯಲೇ ಇಲ್ಲ. ಕೊನೆಯ ಪುಟವನ್ನು ತಿರುಗಿಸಿಯೂ ನೋಡಲಿಲ್ಲ. ಗಿರಿಜಕ್ಕ ಕಟ್ಟಡದ ಕನ್ನಡ ಗ್ರೂಪಿನಲ್ಲಿ ಹಾಕಿದರು: ವೀಣಾ ಅದ ಕಂಪನಿಯಾಕಿ, ಸಹಿ ಹಾಕೂದು ಬ್ಯಾಡ ಅಂದಾಳ. ಐದೂ ಮನೆಯವರು ಕಾಗದ ಮಡಚಿಟ್ಟರು. ಮನೆ ಮಾಲೀಕರನ್ನು ಎದುರು ಹಾಕಿಕೊಳ್ಳದೆ ಕೆಲಸವಾಯಿತು ಎಂಬ ಸಮಾಧಾನ ಬೇರೆ.

ಉತ್ತರ ಕಳಿಸಲು ಮೂರು ದಿನ ಉಳಿದಿತ್ತು. ವಿಭಾಗದ ವಿಡಿಯೋ ಮೀಟಿಂಗಿನಲ್ಲಿ ಪಟ್ಟಿಯ ಮೇಲೆ ನಮ್ಮ ಕಟ್ಟಡ ಬಂತು. ಹದಿನೇಳು ಮನೆಯವರು ಬೇಡ ಎಂದು ಬರೆದಿದ್ದಾರೆ ಎಂದು ಒಬ್ಬ ಹೇಳಿದ. ಮರೈಕೆ ಕಾಫಿ ಕುಡಿಯುತ್ತಾ, "ಅರ್ಧಕ್ಕಿಂತ ಹೆಚ್ಚು ಮನೆಗಳು ಬೇಡ ಎಂದರೆ ಮಾತ್ರ ನಿಲ್ಲುತ್ತದೆ. ಉತ್ತರ ಕಳಿಸದವರೆಲ್ಲ ಒಪ್ಪಿದ ಹಾಗೆ. ನೆನಪಿಸುವ ಪತ್ರ ಹಾಕುವುದು ಬೇಡ," ಎಂದಳು. ನಿಯಮ ಅವಳದಲ್ಲ. ಸರ್ಕಾರ, ಪುರಸಭೆಗಳ ಒಕ್ಕೂಟ, ಮೊಬೈಲ್ ಕಂಪನಿಗಳು ಸೇರಿ ಮಾಡಿಕೊಂಡ ಒಪ್ಪಂದದಲ್ಲೇ ಅದಿದೆ. ನಾನು ಕ್ಯಾಮೆರಾ ಆರಿಸಿದೆ. ಇಪ್ಪತ್ತೊಂದು ಬೇಕು. ಹದಿನೇಳಕ್ಕೆ ನಮ್ಮ ಐದು ಸೇರಿದರೆ ಇಪ್ಪತ್ತೆರಡು.

ಗ್ರೂಪಿನಲ್ಲಿ ಬರೆಯಬೇಕಿದ್ದದ್ದು ಒಂದು ಸಾಲು. ಟೈಪ್ ಮಾಡಿದೆ. ಅಳಿಸಿದೆ. ಒಂದೇ ದಿನ ಐದು ಕನ್ನಡದ ಮನೆಗಳಿಂದ ಬೇಡ ಎಂಬ ಕಾಗದ ಬಂದರೆ, ಮೀಟಿಂಗಿನ ಸುದ್ದಿ ಎಲ್ಲಿಂದ ಹೋಯಿತು ಎಂದು ತಿಳಿಯಲು ಮರೈಕೆಗೆ ಎಷ್ಟು ಹೊತ್ತು ಬೇಕು? ನನ್ನ ಕಡತ ಅವಳ ಮುಂದಿತ್ತು. ಅದಕ್ಕಿಂತ ಕೆಟ್ಟದ್ದು ಇನ್ನೊಂದಿತ್ತು, ಇದನ್ನು ಒಪ್ಪಿಕೊಳ್ಳಲು ನನಗೆ ವರ್ಷಗಳು ಬೇಕಾದವು. ಹೇಗಿದ್ದರೂ ಆಂಟೆನಾದಿಂದ ಅವರಿಗೆ ಏನೂ ಆಗುವುದಿಲ್ಲವಲ್ಲ, ಇದು ಬರೀ ಹೆದರಿಕೆ, ನಾಲ್ಕು ದಿನದಲ್ಲಿ ಇಳಿಯುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಅದು ನಿಜವೇ ಆಗಿತ್ತು. ನಿಜವನ್ನೇ ಹಿಡಿದುಕೊಂಡು ಇಷ್ಟು ಹೇಡಿಯಾಗಬಹುದೆಂದು ನನಗೆ ಗೊತ್ತಿರಲಿಲ್ಲ. ಗಿರಿಜಕ್ಕ ನನ್ನನ್ನು ಕೇಳಿದ್ದು ಆಂಟೆನಾದ ವಿಜ್ಞಾನವನ್ನಲ್ಲ, ಬೇಡ ಎನ್ನುವ ದಾರಿಯನ್ನು.

ಕೊನೆಯ ದಿನ ಬೆಳಿಗ್ಗೆ ಅವರು ನನ್ನ ಬಾಗಿಲ ಮುಂದೆ ಶೇಂಗಾ ಹೋಳಿಗೆಯ ಡಬ್ಬಿ ಇಟ್ಟು, ಬೆಲ್ ಒತ್ತಿ, ದೂರ ಸರಿದು ನಿಂತರು.

"ಕಾಗದದ್ದು ಮುಗೀತಲ್ಲ? ಇನ್ನೇನರೆ ಮಾಡೂದು ಅದ?"

"ಇಲ್ಲ ಅಕ್ಕ, ಮುಗೀತು," ಎಂದೆ.

ಹೋಳಿಗೆ ಬಿಸಿಯಾಗಿತ್ತು. ನಿಂತಲ್ಲೇ ಎರಡು ತಿಂದೆ, ನಾಚಿಕೆ ಇಲ್ಲದವಳು.

ಮೇ ತಿಂಗಳಲ್ಲಿ ತಾರಸಿಯ ಕೆಲಸ ಶುರುವಾಯಿತು. ಆಂಟೆನಾದ ಭಾರಕ್ಕೆ ಮೊದಲು ಮೇಲಿನ ಹೊದಿಕೆ ಗಟ್ಟಿಮಾಡಬೇಕಿತ್ತು. ದಿನವಿಡೀ ಡಾಂಬರು ಕರಗುವ ವಾಸನೆ ಏಳನೇ ಮಹಡಿಯಿಂದ ಇಳಿದು ನನ್ನ ಅಡುಗೆಮನೆಗೂ ಬರುತ್ತಿತ್ತು. ಗಿರಿಜಕ್ಕನ ಹೊಟ್ಟೆಯಲ್ಲಿ ಊಟ ನಿಲ್ಲುತ್ತಿರಲಿಲ್ಲ. ಮನೆಯಲ್ಲೇ ಇರಬೇಕಾದ ಕಾಲ, ಹೊರಗೆ ಹೋಗಿ ಕೂರಲು ಹೋಟೆಲಿಲ್ಲ, ಲೈಬ್ರರಿಯಿಲ್ಲ. ಕಿಟಕಿ ತೆರೆದರೆ ವಾಸನೆ, ಮುಚ್ಚಿದರೆ ಸೆಕೆ. ಆಮೇಲೆ ಒಂದು ಕ್ರೇನ್ ಬಂದು ಬೂದು ಬಣ್ಣದ ಆ ಕಂಬಗಳನ್ನು ಎತ್ತಿ ಅವರ ಮಲಗುವ ಕೋಣೆಯ ನೆತ್ತಿಗೆ ಇಟ್ಟುಹೋಯಿತು. ಅವರು ಹಾಸಿಗೆಯನ್ನು ಹಾಲಿಗೆ ತಂದರು. ಹಾಲಿನಿಂದ ಬಾಗಿಲ ಪಕ್ಕದ ಓಣಿಯಂಥ ಜಾಗಕ್ಕೆ ತಂದರು. ಕೋಟು ನೇತುಹಾಕುವ ಗೂಟಗಳ ಕೆಳಗೆ, ಐದನೇ ತಿಂಗಳಿನ ಬಸುರಿ, ತನ್ನ ಮನೆಯಲ್ಲೇ ಮೂಲೆ ಹಿಡಿದು ಮಲಗುತ್ತಿದ್ದರು. ಇದನ್ನು ನನಗೆ ಹೇಳಿದ್ದು ಮಲ್ಲಿಕಾರ್ಜುನ, ಫೋನಿನಲ್ಲಿ. "ಡಾಕ್ಟರು ಎಲ್ಲಾ ಬರೋಬರಿ ಅದ ಅಂತಾರ. ಆದ್ರ ಆಕಿ ನಿದ್ದಿನ ಮಾಡ್ವಲ್ಲಳು," ಎಂದರು.

ಗಿರಿಜಕ್ಕ ಸುಮ್ಮನೆ ಕೂರುವವರಲ್ಲ. ಶಬ್ದಕೋಶ ಇಟ್ಟುಕೊಂಡು ತಾವೇ ಡಚ್‌ನಲ್ಲಿ ಪತ್ರ ಬರೆದರು. ಮಾಲೀಕರಿಗೆ, ಪುರಸಭೆಗೆ, ಹೇಗ್‌ಗೆ. ಹೆರಿಗೆಯವರೆಗಾದರೂ ಅದನ್ನು ಆರಿಸಿಡಿ, ನಾಲ್ಕು ತಿಂಗಳು, ಅಷ್ಟೇ ಕೇಳಿದ್ದು. ಮಾಲೀಕರು, ಮತ ಕೇಳಿದ್ದೆವು, ನೀವು ಬೇಡ ಎನ್ನಲಿಲ್ಲ ಎಂದರು. ಹೇಗ್‌ನವರು, ತರಂಗ ಮಿತಿಯೊಳಗಿದೆ, ಉಳಿದದ್ದನ್ನು ನಿಮ್ಮ ಪುರಸಭೆಯಲ್ಲಿ ವಿಚಾರಿಸಿ ಎಂದರು. ಪುರಸಭೆಯ ಉತ್ತರ ಕೊನೆಗೆ ಬಂತು. ಅದನ್ನು ಹಿಡಿದು ಅವರು ನನ್ನ ಬಾಗಿಲಿಗೆ ಬಂದರು. ಕೂರಲಿಲ್ಲ. ಪತ್ರವನ್ನು ನೆಲದ ಮೇಲಿಟ್ಟು ಹಿಂದೆ ಸರಿದರು.

"ಮೂರನೇ ಸಾಲು ಓದು."

ನೆಲದ ಮೇಲಿದ್ದ ಹಾಗೆಯೇ ಬಗ್ಗಿ ಓದಿದೆ. ಆರೋಗ್ಯದ ವಿಷಯದಲ್ಲಿ ತೀರ್ಮಾನಿಸುವ ಅಧಿಕಾರ ಪುರಸಭೆಯದಲ್ಲ, ದೇಶದ ಸರ್ಕಾರದ್ದು. ಅಧಿಕಾರ ಎಂಬ ಪದಕ್ಕೆ ಮೊದಲು 'ದ' ಇತ್ತು.

"ಪುರಸಭೆಯೊಳಗ ಕೂತ ಡಚ್ ಮಂದಿ ಖೆಜಾಖ್‌ಗೆ 'ದ' ಹಚ್ಚತಾರೇನು? ಅವರ ತಾಯಿಭಾಷಾ ಅದು," ಎಂದರು ಗಿರಿಜಕ್ಕ. "ಇದು ನೀ ಬರದದ್ದು."

"ಅದು ಮಾದರಿ ಪತ್ರ ಅಕ್ಕ, ಎಲ್ಲಾ ಊರಿಗೂ ಕಳಿಸೋದು. ನಿಮಗೆ ಅಂತ ಬರೆದಿದ್ದಲ್ಲ."

"ಅದು ಇರಲಿ. ಗಪ್ಪ ಕೂತವರು ಹೂಂ ಅಂದಂಗ ಅನ್ನೋದು, ಅದು ನಿನಗ ಮೊದಲ ಗೊತ್ತಿತ್ತೇನು?"

ಅವರು ಕೋಪದಿಂದ ಕೇಳಲಿಲ್ಲ. ಗೊತ್ತಿರಲಿಲ್ಲ ಎಂದು ನಾನು ಹೇಳಲಿ ಎಂದೇ ಕೇಳಿದರು. ಅದು ಅವರ ಮುಖದಲ್ಲಿ ಎದ್ದು ಕಾಣುತ್ತಿತ್ತು.

"ಇಲ್ಲ ಅಕ್ಕ. ಆಮೇಲೇ ಗೊತ್ತಾಗಿದ್ದು," ಎಂದೆ.

ಅವರು ಬಗ್ಗಿ ಪತ್ರ ಎತ್ತಿಕೊಂಡು ಲಿಫ್ಟಿನ ಕಡೆ ಹೋದರು. ಬಗ್ಗುವುದು ಆಗಲೇ ಅವರಿಗೆ ಕಷ್ಟವಾಗಿತ್ತು, ನಾನು ಎತ್ತಿಕೊಡಲಿಲ್ಲ. ಒಂದೂವರೆ ಮೀಟರ್ ಎಂಬುದು ಎಷ್ಟು ಒಳ್ಳೆಯ ನೆಪವೆಂದು ಅಂದು ತಿಳಿಯಿತು.

ಒಂದು ವಾರವಾದ ಮೇಲೆ ನನ್ನ ಬಾಗಿಲ ಹಿಡಿಕೆಗೆ ಒಂದು ಚೀಲ ತೂಗುಹಾಕಿತ್ತು. ಒಳಗೆ ನನ್ನದೇ ಸ್ಟೀಲ್ ಡಬ್ಬಿ, ಯುಗಾದಿಗೆ ನಾನು ಪುಳಿಯೋಗರೆ ಕಳಿಸಿದ್ದು. ತೊಳೆದು, ಒರೆಸಿ, ಖಾಲಿ. ಖಾಲಿ ಡಬ್ಬಿ ವಾಪಸು ಕೊಡುವ ಪದ್ಧತಿ ನಮ್ಮ ಕಡೆಯೂ ಇಲ್ಲ, ಅವರ ಕಡೆಯೂ ಇಲ್ಲ. ಮನೆಯಲ್ಲಿ ಏನೂ ಇಲ್ಲದಿದ್ದರೆ ಒಂದು ಚಮಚ ಸಕ್ಕರೆಯನ್ನಾದರೂ ಹಾಕಿ ಕೊಡುತ್ತೇವೆ. ಮುಚ್ಚಳವನ್ನು ಎರಡೆರಡು ಸಲ ತೆಗೆದು ನೋಡಿದೆ. ಒಂದು ಕಾಳು ಸಕ್ಕರೆಯೂ ಇರಲಿಲ್ಲ.

ಜೂನ್ ಕೊನೆಗೆ ಅವರು ಹೂಫ್‌ಡಾರ್ಪ್‌ನಲ್ಲಿ ಒಂದು ನೆಲಮಹಡಿಯ ಮನೆ ಹಿಡಿದು ಹೊರಟರು. ಸಾಮಾನು ಇಳಿಸುವುದನ್ನು ನಾನು ಪರದೆಯ ಸಂದಿಯಿಂದ ನೋಡಿದೆ. ಮಲ್ಲಿಕಾರ್ಜುನ ಒಬ್ಬರೇ ಸಾಗಣೆಯವರ ಜೊತೆ ಓಡಾಡುತ್ತಿದ್ದರು. ಗಿರಿಜಕ್ಕ ರಸ್ತೆಯಾಚೆಯ ಬೆಂಚಿನಲ್ಲಿ, ಕಟ್ಟಡಕ್ಕೆ ಬೆನ್ನು ಹಾಕಿ ಕೂತಿದ್ದರು. ಅದೇ ವಾರ ನನ್ನ ಒಪ್ಪಂದ ಮೂರು ವರ್ಷಕ್ಕೆ ಮುಂದುವರಿಯಿತು. ಮಾದರಿ ಪತ್ರ ಬಹಳ ಉಪಯೋಗಕ್ಕೆ ಬಂತು ಎಂದು ಮರೈಕೆ ಎಲ್ಲರೆದುರು ಹೊಗಳಿದಳು. ನಾನು ಥ್ಯಾಂಕ್ಸ್ ಹೇಳಿದೆ. ಸೆಪ್ಟೆಂಬರಿನಲ್ಲಿ ಅವರಿಗೆ ಹೆಣ್ಣುಮಗು ಹುಟ್ಟಿದ್ದು, ತಾಯಿ ಮಗು ಚೆನ್ನಾಗಿರುವುದು, ಎಲ್ಲ ಬೇರೆಯವರ ಸ್ಟೇಟಸ್ ನೋಡಿ ತಿಳಿದುಕೊಂಡೆ. ಖುಷಿಯಾಯಿತು. ಜೊತೆಗೆ, ನೋಡಿದಿರಾ, ನಾನು ಹೇಳಿದ್ದೇ ಸರಿ, ಏನೂ ಆಗಲಿಲ್ಲ ಎಂದು ಒಳಗೊಬ್ಬಳು ಬೀಗಿದಳು. ಅವಳ ಕೆನ್ನೆಗೆ ಬಾರಿಸಬೇಕೆನಿಸಿತು.

ಅವರನ್ನು ಮತ್ತೆ ಕಂಡದ್ದು ಮಾಸ್ಕುಗಳೆಲ್ಲ ಹೋದ ಮೇಲೆ, ಹೂಫ್‌ಡಾರ್ಪ್‌ನ ಬಸ್ ನಿಲ್ದಾಣದಲ್ಲಿ. ಎದುರುಬದುರು ಸಿಕ್ಕೆವು, ತಪ್ಪಿಸಿಕೊಳ್ಳುವ ಹಾಗಿರಲಿಲ್ಲ. ತಳ್ಳುಗಾಡಿಯಲ್ಲಿ ಮಗು ಬಿಸ್ಕತ್ತು ತಿನ್ನುತ್ತಿತ್ತು.

"ಅರಾಮಿದ್ದೀ?" ಎಂದರು ಗಿರಿಜಕ್ಕ. ಮಗುವಿಗೆ, "ಚಿಕ್ಕಮ್ಮಗ ಹಾಯ್ ಮಾಡು," ಎಂದರು. ಮಗು "ಹೊಯ್" ಎಂದು ಡಚ್‌ನಲ್ಲಿ ಅಂದಿತು.

ಆ ಚಿಕ್ಕಮ್ಮ ಎಂಬ ಮಾತಿಗೆ, ಎರಡು ವರ್ಷ ಹೊತ್ತು ತಿರುಗಿದ್ದು ಅಲ್ಲೇ, ಬಸ್ಸು ಕಾಯುವವರ ನಡುವೆ, ಬಾಯಿಗೆ ಬಂತು. "ಅಕ್ಕ, ಅವತ್ತು ನಾನು ಸುಳ್ಳು ಹೇಳಿದೆ. ಮೂರು ದಿನ ಮುಂಚೇನೇ ನನಗೆ ಗೊತ್ತಿತ್ತು. ಹೇಳಿದ್ರೆ ಕೆಲಸ ಹೋಗುತ್ತೆ ಅಂತ ಹೆದರಿಬಿಟ್ಟೆ. ಕ್ಷಮಿಸಿ ಅಂತ ಕೇಳೋ ಮುಖಾನೂ ನನಗಿಲ್ಲ. ಆದ್ರೂ ಕೇಳ್ತಿದ್ದೀನಿ."

ಗಿರಿಜಕ್ಕ ಮಗುವಿನ ಬಾಯಿ ಒರೆಸಿದರು. ಬಸ್ಸು ಬಂತು. ಅವರು ಗಾಡಿಯ ಮುಂದಿನ ಗಾಲಿ ಎತ್ತಿದರು. ನಾನು ಹಿಡಿಯಲು ಹೋದೆ, ಬೇಡ ಎಂದು ತಲೆಯಾಡಿಸಿದರು. ಒಬ್ಬರೇ ಹತ್ತಿಸಿಕೊಂಡು, ಬಾಗಿಲಲ್ಲಿ ತಿರುಗಿ ನಿಂತರು.

"ಅವತ್ತ ಹೇಳಿದ್ರ ಒಂದು ಫಾರ್ಮು ತುಂಬಿ ಹಾಕ್ತಿದ್ದೆ, ಮುಗೀತಿತ್ತು. ಇವತ್ತ ಹೇಳಿ ನೀ ಹಗುರಾದಿ," ಎಂದರು. "ನಾ ಇದನ್ನ ಎಲ್ಲೆ ಹಾಕಲಿ?"